ಪಾಂಡುವಿಗೆ ಬೀಳುವ ಏಟು

ಮನೆಯೊಳಗಿನ ಹೊಡೆತ ನಮ್ಮ ಹಾಸ್ಯ ಧಾರಾವಾಹಿಗಳಿಗೆ ನೋವಿನ ಸಂಗತಿಯಾಗಲೇ ಇಲ್ಲ. ಅದು ನಗೆಯ ಸರಕಾಯಿತು. ಈ ಮಾತು ಅತಿಯಾಯಿತು ಎನ್ನುವವರು 'ಪಾಪ ಪಾಂಡು'ವನ್ನು ಒಮ್ಮೆ ನೆನಪಿಸಿಕೊಳ್ಳಲಿ.

2000ದ ದಶಕದ ಮೊದಲ ವರ್ಷಗಳು. ಈಟಿವಿ ಕನ್ನಡ ವಾಹಿನಿ ಆಗಷ್ಟೇ ಮನೆ ಮನೆಯನ್ನು ಹೊಕ್ಕಿತ್ತು. ಸಿಹಿಕಹಿ ಚಂದ್ರು ನಿರ್ದೇಶನದ ಆ ಧಾರಾವಾಹಿಯಲ್ಲಿ ಚಿದಾನಂದ್ ಪಾಂಡು ಆಗಿದ್ದರು. ಅವನ ಹೆಂಡತಿ ಶ್ರೀಮತಿಯಾಗಿ ಶಾಲಿನಿ. ಕತೆಯ ಎಳೆ ಒಂದೇ: ಹೆಂಡತಿ ಹೊಡೆಯುತ್ತಾಳೆ, ಗಂಡ ತಿನ್ನುತ್ತಾನೆ. ಉಳಿದದ್ದೆಲ್ಲ ಇದರ ಸುತ್ತ ಹಬ್ಬಿದ ಬಳ್ಳಿ. ಉಬ್ರಾಣಿ ಕಡೆಯ ಹಳ್ಳಿಗಳಲ್ಲಿ ಅಡಿಕೆ ಸುಗ್ಗಿಯ ಸಂಜೆಗಳಲ್ಲಿ ಹೆಂಗಸರು ಸಾಲಾಗಿ ಸುಲಿಯಲು ಕೂರುತ್ತಾರೆ. ಮುಂದೆ ಮೆಟ್ಟುಗತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ರಾಶಿ, ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಸುಲಿಯುವ ಯಂತ್ರ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಕೈಗೆ ಪುರುಸೊತ್ತಿರಲಿಲ್ಲ, ಕಣ್ಣು ಕಿವಿಗಳಿಗಿತ್ತು. ಜಗಲಿಯ ಟಿವಿಯಲ್ಲಿ ಪಾಂಡು ಏಟು ತಿಂದಾಗ ಜಾತಿ ಮತದ ಭೇದವಿಲ್ಲದೆ ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆ ನಗುವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ದಿನವಿಡೀ ಕತ್ತಿಯ ಮುಂದೆ ಬೆನ್ನು ಬಗ್ಗಿಸಿ ಕುಳಿತ ಹೆಣ್ಣು, ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕಾದ ಹೆಣ್ಣು, ಅರ್ಧ ಗಂಟೆ ಲೋಕ ತಲೆಕೆಳಗಾದದ್ದನ್ನು ನೋಡಿ ನಕ್ಕರೆ ಅದರಲ್ಲಿ ಒಂದು ಬಿಡುಗಡೆಯಿದೆ. ಅತ್ತೆ, ಗಂಡ, ಮೇಸ್ತ್ರಿ ಎಲ್ಲರಿಗೂ ಸೇರಿಸಿ ಶ್ರೀಮತಿ ಹೊಡೆಯುತ್ತಿದ್ದಾಳೆ ಎಂದು ಆಕೆಗೆ ಅನ್ನಿಸಿರಬಹುದು. ನಮ್ಮ ತಕರಾರು ಅವಳ ನಗುವಿನ ಮೇಲಲ್ಲ. ಅದೇ ಜಗಲಿಯಲ್ಲಿ, ಅದೇ ಟಿವಿ ನೋಡಿ, ಗಂಡಸರು ಏಕೆ ನಕ್ಕರು ಎಂಬುದು ನಮ್ಮ ಪ್ರಶ್ನೆ. ತಮಗೆ ಆಗದ್ದು, ಆಗಲಾರದ್ದು ಎಂಬ ಖಾತ್ರಿ ಇದ್ದುದರಿಂದಲೇ ಅವರು ಅಷ್ಟು ಧಾರಾಳವಾಗಿ ನಕ್ಕರು. ಬಡವ ರಾಜನನ್ನು ಗದರುವ ನಾಟಕವನ್ನು ರಾಜನೇ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ನೋಡಿದಂತೆ. ಪರದೆ ಬಿದ್ದ ಮೇಲೆ ರಾಜ ರಾಜನೇ.

ಹೆಂಡತಿಗೆ ಹೆದರುವ ಗಂಡ ಕನ್ನಡಕ್ಕೆ ಹೊಸಬನಲ್ಲ. ಟಿ.ಪಿ. ಕೈಲಾಸಂ 'ಅಮ್ಮಾವ್ರ ಗಂಡ' ಎಂಬ ನಾಟಕವನ್ನೇ ಬರೆದರು. ಕಂಪೆನಿ ನಾಟಕಗಳ ಹಾಸ್ಯದ ಜೋಡಿಗಳೂ ಈ ಸರಕಿನಿಂದ ಹೊಟ್ಟೆ ಹೊರೆದವು. ಆದರೆ ರಂಗದ ಮೇಲಿನ ಜಗಳಕ್ಕೆ ಒಂದು ರಾತ್ರಿಯ ಆಯುಷ್ಯ. ಟಿವಿ ಬಂದ ಮೇಲೆ ಅದು ವಾರವಾರವೂ, ವರ್ಷಗಟ್ಟಲೆ ನಡೆಯತೊಡಗಿತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಷ್ಟೊಂದು ಏಟು ಬಿದ್ದರೂ ಯಾರಿಗೂ ನೋವಾಗುವುದಿಲ್ಲ. ಇಂದಿನ ಕಂತಿನಲ್ಲಿ ಜಜ್ಜಿ ಹೋದವನು ನಾಳಿನ ಕಂತಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರು. ಆಸ್ಪತ್ರೆಯ ಚೀಟಿಯಿಲ್ಲ, ಮುರಿದ ಹಲ್ಲಿಲ್ಲ, ಬಾಗಿಲ ಸಂದಿಯಲ್ಲಿ ನಿಂತು ನಡುಗುವ ಮಗುವಿಲ್ಲ. ಇದನ್ನು ನಾವು ತಿಳಿಹಾಸ್ಯ ಎಂದು ಕರೆದು, ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಕಾರ್ಯಕ್ರಮ ಎಂದು ಬೆನ್ನು ತಟ್ಟಿದೆವು.

ಈಗ ಕಾಲವನ್ನು ನೆನೆಯೋಣ. ಮನೆಯೊಳಗಿನ ಹಿಂಸೆಯಿಂದ ಹೆಣ್ಣನ್ನು ರಕ್ಷಿಸುವ ಕಾಯ್ದೆಯನ್ನು ಸಂಸತ್ತು 2005ರಲ್ಲಿ ಅಂಗೀಕರಿಸಿತು. 2006ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂತು. ಅದಕ್ಕೂ ಮೊದಲು, 2000-01ರಲ್ಲೇ, ಕರ್ನಾಟಕ ಸರ್ಕಾರ ನೊಂದ ಹೆಂಗಸರಿಗಾಗಿ ಸಾಂತ್ವನ ಯೋಜನೆಯನ್ನು ಆರಂಭಿಸಿತ್ತು. ನಾಡಿನ ಹೆಂಗಸರು ಏಟು ತಿನ್ನುತ್ತಿದ್ದಾರೆ ಎಂದು ವಿಧಾನಸೌಧಕ್ಕೂ ಸಂಸತ್ತಿಗೂ ಮನವರಿಕೆಯಾಗುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಕಿರುತೆರೆ 'ಪಾಪ' ಎಂಬ ಮಾತನ್ನು ಯಾರಿಗೆ ಮುಡಿಪಾಗಿಟ್ಟಿತು? ಗಂಡನಿಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ವಾಹಿನಿಯಲ್ಲಿ ವಿಜಯಪ್ರಸಾದ್ ನಿರ್ದೇಶಿಸಿದ 'ಸಿಲ್ಲಿ ಲಲ್ಲಿ' ಬಂತು. ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿಯವರ ಲಲಿತಾಂಬ. ಇಬ್ಬರೂ ಸೊಗಸಾದ ನಟರು, ಅವರ ಸಮಯಪ್ರಜ್ಞೆಗೆ ಇಂದಿಗೂ ತಲೆದೂಗಬೇಕು. ಆದರೆ ಲಲಿತಾಂಬ ಯಾರು? ಸಮಾಜಸೇವಕಿ. ಹೆಂಗಸರ ಪರವಾಗಿ ಮಾತನಾಡುವುದನ್ನೇ ಕಸುಬು ಮಾಡಿಕೊಂಡ, ಮನೆಯನ್ನು ಮರೆತ, ತನ್ನ ಹೆಸರಿನ ಹಿಂದೆ ಬಿರುದು ತೊಟ್ಟು ತಿರುಗುವ ಹೆಣ್ಣು. ಸಾಂತ್ವನ ಕೇಂದ್ರದಲ್ಲಿ ಅಲ್ಪ ಸಂಬಳಕ್ಕೆ ದುಡಿದು, ಪೊಲೀಸ್ ಠಾಣೆಗೂ ತಾಲ್ಲೂಕು ಆಸ್ಪತ್ರೆಗೂ ಅಲೆಯುತ್ತಿದ್ದ ಹೆಂಗಸರನ್ನು ಊರಿನ ಪಡ್ಡೆಗಳು 'ಲಲಿತಾಂಬ ಬಂದ್ರು' ಎಂದು ಕಿಚಾಯಿಸಿದರೆ ಆ ಬೈಗುಳದ ಪೂರ್ತಿ ಶ್ರೇಯ ಪಡ್ಡೆಗಳದ್ದೇನೂ ಅಲ್ಲ. ಹೊಡೆಯುವ ಹೆಂಡತಿ ಒಂದು ಕಡೆ, ನ್ಯಾಯ ಕೇಳುವ ಹೆಂಗಸು ಇನ್ನೊಂದು ಕಡೆ. ಎರಡೂ ನಗೆಪಾಟಲು. ಹೊಡೆಯುವ ಗಂಡ ಮಾತ್ರ ನಮ್ಮ ಹಾಸ್ಯದ ಹೊಸ್ತಿಲನ್ನೇ ತುಳಿಯಲಿಲ್ಲ.

'ಅದೆಲ್ಲ ಬರೀ ತಮಾಷೆ, ನೋಡುವವರಿಗೂ ಬುದ್ಧಿ ಇರುತ್ತದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ನೋಡುವವರಿಗೆ ಬುದ್ಧಿಯಿದೆ, ಖಂಡಿತ. ಆದರೆ ಅವರು ನೋಡುವುದು ತಮ್ಮ ಕಣ್ಣಿನಿಂದಲೇ ಹೊರತು ನಿರ್ದೇಶಕನ ಕಣ್ಣಿನಿಂದಲ್ಲ. ದೂರದರ್ಶನದಲ್ಲಿ 1984ರ ಜುಲೈಯಿಂದ 1985ರ ಡಿಸೆಂಬರ್‌ವರೆಗೆ 156 ಕಂತುಗಳಲ್ಲಿ ಬಂದ 'ಹಮ್ ಲೋಗ್' ನಮ್ಮ ದೇಶದ ಮೊದಲ ದೊಡ್ಡ ಧಾರಾವಾಹಿ. ಬರೆದವರು ಮನೋಹರ ಶ್ಯಾಮ್ ಜೋಶಿ. ಕುಡುಕ ತಂದೆ ಬಸೇಸರ ರಾಮ್, ಎಲ್ಲವನ್ನೂ ನುಂಗಿಕೊಂಡು ಬದುಕುವ ತಾಯಿ ಭಾಗವಂತಿ. ಹೆಣ್ಣು ಹೀಗೆ ನವೆಯಬಾರದು ಎಂದು ತೋರಿಸುವುದಕ್ಕೇ ಆ ತಾಯಿಯನ್ನು ಸೃಷ್ಟಿಸಿದ್ದು. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ತಿಳಿಹೇಳುತ್ತಿದ್ದರು ಕೂಡ. ಆದರೂ ಆಮೇಲೆ ವೀಕ್ಷಕರನ್ನು ಮಾತನಾಡಿಸಿದ ಸಂಶೋಧಕರಿಗೆ ಸಿಕ್ಕಿದ್ದು ಬೇರೆಯೇ ಚಿತ್ರ. ಅನೇಕರಿಗೆ ಭಾಗವಂತಿ ಎಚ್ಚರಿಕೆಯಾಗಿ ಕಾಣಲಿಲ್ಲ, ಮಾದರಿಯಾಗಿ ಕಂಡಳು. ಹೆಂಡತಿ ಎಂದರೆ ಹೀಗಿರಬೇಕು ಎಂದರು!

ಅಮೆರಿಕದಲ್ಲೂ ಹೀಗೇ ಆಯಿತು. ನಾರ್ಮನ್ ಲಿಯರ್ 1971ರಲ್ಲಿ ಆರಂಭಿಸಿದ 'ಆಲ್ ಇನ್ ದ ಫ್ಯಾಮಿಲಿ'ಯ ಆರ್ಚಿ ಬಂಕರ್ ಕರಿಯರನ್ನು, ಯಹೂದಿಗಳನ್ನು, ವಲಸಿಗರನ್ನು ಕಂಡರೆ ಉರಿದುಬೀಳುವ ಮನೆಯ ಯಜಮಾನ. ಹೆಂಡತಿಗೆ ಬಾಯಿ ಮುಚ್ಚು ಎನ್ನುವುದೇ ಅವನ ಸಂಸಾರ. ಅವನ ಮೂರ್ಖತನವನ್ನು ಬಯಲಿಗಿಡುವುದು ಲಿಯರ್ ಅವರ ಉದ್ದೇಶ. 1974ರಲ್ಲಿ ವಿಡ್ಮರ್ ಮತ್ತು ರೋಕೀಚ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನ ಹೇಳಿದ್ದು ಇಷ್ಟು: ಮೊದಲೇ ದ್ವೇಷ ತುಂಬಿಕೊಂಡ ವೀಕ್ಷಕರು ಆರ್ಚಿಯನ್ನು ನೋಡಿ ನಾಚಲಿಲ್ಲ, ತಮ್ಮ ಮನದ ಮಾತನ್ನು ಆಡುವವನೆಂದು ಮೆಚ್ಚಿಕೊಂಡರು. ಉದ್ದೇಶ ಒಳ್ಳೆಯದಿದ್ದ ಧಾರಾವಾಹಿಗಳ ಗತಿಯೇ ಹೀಗಾದರೆ, ಟಿಆರ್‌ಪಿಯ ಹೊರತು ಬೇರೆ ಉದ್ದೇಶವಿಲ್ಲದ ಹಾಸ್ಯದ ಗತಿಯೇನು?

ಹಾಗೆಂದು ನಿಷೇಧ ಕೇಳುವವರ ಸಾಲಿನಲ್ಲಿ ನಾವಿಲ್ಲ. 1989ರಲ್ಲಿ ಮಿಷಿಗನ್‌ನ ಗೃಹಿಣಿಯೊಬ್ಬರು 'ಮ್ಯಾರೀಡ್ ವಿತ್ ಚಿಲ್ಡ್ರನ್' ಎಂಬ ಒಡಕು ಸಂಸಾರದ ಹಾಸ್ಯ ಧಾರಾವಾಹಿಯ ವಿರುದ್ಧ ಜಾಹೀರಾತುದಾರರಿಗೆ ಪತ್ರ ಬರೆದು ಚಳವಳಿ ಹೂಡಿದರು. ಅದರಿಂದ ಆ ಧಾರಾವಾಹಿಯ ವೀಕ್ಷಕರು ಹೆಚ್ಚಾದರು. 1997ರವರೆಗೂ ಅದು ನಡೆಯಿತು. ಬಹಿಷ್ಕಾರದಷ್ಟು ಅಗ್ಗದ ಪ್ರಚಾರ ಇನ್ನೊಂದಿಲ್ಲ.

ಇನ್ನೊಂದು ಆಕ್ಷೇಪವಿದೆ, ಅದಕ್ಕೆ ಹುರುಳೂ ಇದೆ. ಗಂಡಸರೂ ಏಟು ತಿನ್ನುವುದಿಲ್ಲವೇ? ತಿನ್ನುತ್ತಾರೆ. ಹೆಂಡತಿಯಿಂದ, ಭಾವಮೈದುನರಿಂದ, ಬೆಳೆದ ಮಕ್ಕಳಿಂದ ಪೆಟ್ಟು ತಿಂದು ಬಾಯಿ ಬಿಡದ ಗಂಡಸರು ನಮ್ಮ ನಡುವೆಯೇ ಇದ್ದಾರೆ. ಬಾಯಿ ಬಿಟ್ಟರೆ ಊರು ಏನೆನ್ನುತ್ತದೆ? 'ಪಾಪ ಪಾಂಡು' ಎನ್ನುತ್ತದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವನಿಗೆ ಆ ಹೆಸರೇ ಕಾಯಂ ಆಗುತ್ತದೆ. ಅಂದರೆ ಪಾಂಡುವಿನ ಹಾಸ್ಯ ಪಾಂಡುವಿಗೂ ನ್ಯಾಯ ಒದಗಿಸಲಿಲ್ಲ. ನಿಜವಾದ ಪಾಂಡುಗಳ ಬಾಯಿಗೂ ಅದು ಬೀಗ ಜಡಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಂಗಳಕ್ಕೆ ಬರಲೇಬೇಕು. 2025ರ ಏಪ್ರಿಲ್‌ನಲ್ಲಿ, ಉಬ್ರಾಣಿ ಇರುವ ಇದೇ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ನಡೆದದ್ದನ್ನು ಯಾರೂ ಮರೆತಿರಲಾರರು. ಸಂಸಾರದ ತಗಾದೆಯೊಂದನ್ನು ಗಂಡ ಮಸೀದಿಗೆ ಒಯ್ದ. ಕರೆ ಕಳುಹಿಸಿದ್ದಕ್ಕೆ ಬಂದ ಹೆಂಗಸನ್ನು ಮಸೀದಿಯ ಹೊರಗೆ ಗಂಡಸರ ಗುಂಪೊಂದು ಹಾಡಹಗಲೇ ಹೊಡೆಯಿತು. ದೊಣ್ಣೆಯಿಂದ, ಪೈಪಿನಿಂದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ವಿಡಿಯೊ ಊರೂರು ತಿರುಗಿದ ಮೇಲೆ ಪೊಲೀಸರು ಆರು ಮಂದಿಯನ್ನು ಬಂಧಿಸಿದರು.

ಈ ಘಟನೆಗೆ ಧಾರಾವಾಹಿ ಕಾರಣ ಎಂಬ ಬಾಲಿಶ ವಾದವನ್ನು ನಾವು ಹೂಡುವುದಿಲ್ಲ. ಹೊಡೆದವರು ಹೊಡೆದರು, ಅದರ ಹೊಣೆ ಅವರದ್ದೇ. ನಮ್ಮನ್ನು ಕಾಡುವುದು ಸುತ್ತ ನಿಂತವರು. ಅವರು ಗುಂಪಲ್ಲ, ಪ್ರೇಕ್ಷಕರು. ಸಂಸಾರದ ಜಗಳ ಎಂದ ಕೂಡಲೇ ಕೈಕಟ್ಟಿ ನಿಂತು ನೋಡುವ, ಅದು ಅವರವರ ಮನೆಯ ವಿಷಯ ಎಂದು ಸುಮ್ಮನಾಗುವ ಅಭ್ಯಾಸ ಒಂದು ದಿನದಲ್ಲಿ ಬರುವುದಿಲ್ಲ. ಅದು ಜಗಲಿಯ ಮೇಲೆ, ಮೊಹಲ್ಲಾದ ಅಂಗಡಿ ಕಟ್ಟೆಯ ಮೇಲೆ, ಮದುವೆ ಮನೆಯ ಚೇಷ್ಟೆಗಳಲ್ಲಿ, ಟಿವಿಯ ಮುಂದೆ ನಿಧಾನವಾಗಿ ಮೈಗೂಡುತ್ತದೆ. ಟಿವಿ ನೋಡುವುದೇ ಹರಾಮ್ ಎಂದು ಭಾಷಣ ಬಿಗಿಯುವವರು ಇಲ್ಲಿ ತಾವು ಪಾರಾದೆವು ಎಂದುಕೊಳ್ಳಬಾರದು. ಪೆಟ್ಟಿಗೆಯನ್ನು ಮನೆಯಿಂದ ಹೊರಗಿಟ್ಟವರ ಮನೆಯಲ್ಲೂ ಅದೇ ಚೇಷ್ಟೆ, ಅದೇ ಗಾದೆ, ಅದೇ ನಗು ಇದೆ. ಹೆಂಡತಿಯ ಮೇಲಿನ ದೂರನ್ನು ಠಾಣೆಗೆ, ಕೋರ್ಟಿಗೆ ಒಯ್ಯದೆ ತಾವೇ ತೀರ್ಮಾನಿಸುತ್ತೇವೆ ಎನ್ನುವ ಜಮಾಅತ್‌ಗಳು, ಆ ದೂರು ಹೊತ್ತು ತಂದ ಗಂಡನ ಕೈಯನ್ನು ಒಮ್ಮೆಯಾದರೂ ಹಿಡಿದು ನೋಡಿವೆಯೇ?

ತಾವರೆಕೆರೆಯ ವಿಡಿಯೊವನ್ನು ಹಿಡಿದು, 'ನೋಡಿ ಇವರು ಇಂಥವರು' ಎಂದು ಒಂದಿಡೀ ಸಮುದಾಯದತ್ತ ಬೆರಳು ತೋರಿದವರೂ ಇದ್ದರು. ಅವರಿಗೆ ಒಂದು ಲೆಕ್ಕ ಕೊಡೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ 44.4% ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದಾರೆ. ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಅದು 20.6% ಇತ್ತು. ಹೇಳಿಕೊಳ್ಳುವ ಧೈರ್ಯ ಹೆಚ್ಚಾಗಿ ಅಂಕಿ ಏರಿತೋ, ಹೊಡೆತ ಹೆಚ್ಚಾಗಿ ಏರಿತೋ, ಎರಡೂ ಅರ್ಥ ಸಾಧ್ಯ. ಆದರೆ ಮುಂದಿನ ಅಂಕಿಗೆ ಎರಡು ಅರ್ಥವಿಲ್ಲ. ಹೇಳದೆ ಹೊರಗೆ ಹೋದರೆ, ಎದುರು ವಾದಿಸಿದರೆ, ಅಡುಗೆ ಕೆಟ್ಟರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಮುಂದಿಟ್ಟಾಗ, ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಎಂದ ಗಂಡಸರು ಕರ್ನಾಟಕದಲ್ಲಿ 81.9%. ಸರಿ ಎಂದ ಹೆಂಗಸರು 76.9%. ಬಸವಣ್ಣನ ನಾಡು, ಶರೀಫರ ನಾಡು, ಕುವೆಂಪು ನಾಡು ಎಂದು ವೇದಿಕೆಯ ಮೇಲೆ ಎದೆ ತಟ್ಟಿಕೊಳ್ಳುವಾಗ ಈ ಅಂಕಿಯನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹತ್ತರಲ್ಲಿ ಎಂಟು ಗಂಡಸರು ಒಂದೇ ಮಸೀದಿಗೆ ಹೋಗುವವರಲ್ಲ, ಒಂದೇ ಗುಡಿಗೆ ಹೋಗುವವರೂ ಅಲ್ಲ.

ಹಾಗಾದರೆ ಹಾಸ್ಯವೇ ಬೇಡವೇ? ಬೇಕು, ಇನ್ನಷ್ಟು ಕಹಿಯಾದದ್ದು ಬೇಕು. ನಮ್ಮ ಹಾಸ್ಯ ಕತ್ತಲೆಯನ್ನು ತೋರಿಸಿದ್ದು ಹೆಚ್ಚಾಯಿತು ಎಂಬುದು ನಮ್ಮ ದೂರಲ್ಲ. ಕತ್ತಲೆಯ ಮನೆಗೆ ಸುಣ್ಣ ಬಳಿದು ಟ್ಯೂಬ್‌ಲೈಟ್ ಹಾಕಿ ತೋರಿಸಿತು ಎಂಬುದು. ಒಡೆದ ಸಂಸಾರವನ್ನು ಒಡೆದ ಹಾಗೆಯೇ ತೋರಿಸಿ, ನಗಿಸಿ, ನಕ್ಕವನ ಗಂಟಲಲ್ಲಿ ಆ ನಗು ಸಿಕ್ಕಿಕೊಳ್ಳುವಂತೆ ಮಾಡುವ ಹಾಸ್ಯ ಕನ್ನಡದ ಕಿರುತೆರೆಯಲ್ಲಿ ಎಲ್ಲಿದೆ? ಸೊಸೆಗೆ ವಿಷ ಬೆರೆಸುವ ಅತ್ತೆ, ಮಗುವನ್ನು ಅಡಗಿಸುವ ನಾದಿನಿ, ಇವೆಲ್ಲ ನಮ್ಮ ಗಂಭೀರ ಧಾರಾವಾಹಿಗಳ ನಿತ್ಯದ ಊಟ. ಅಲ್ಲಿ ಕತ್ತಲೆಯಿದೆ, ನಗು ಇಲ್ಲ. ('ಪುಟ್ಟಗೌರಿ ಮದುವೆ'ಯಲ್ಲಿ ಗೌರಿಯ ಎದುರು ಹುಲಿ ಬಂದಾಗ ನಾಡೆಲ್ಲ ನಕ್ಕದ್ದು ಬೇರೆ ಮಾತು.) ಹಾಸ್ಯ ಧಾರಾವಾಹಿಗಳಲ್ಲಿ ನಗು ಇದೆ, ಕತ್ತಲೆಯಿಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಇಡುವ ಧೈರ್ಯ ಯಾರಿಗೂ ಬರಲಿಲ್ಲ. ಸೋಪು, ಸಾಂಬಾರ್ ಪುಡಿ ಮಾರುವವರು ಆ ಧೈರ್ಯಕ್ಕೆ ಹಣ ಹಾಕುವುದಿಲ್ಲ ಎಂಬುದೂ ನಮಗೆ ಗೊತ್ತಿರುವ ಸತ್ಯ.

ಕನ್ನಡಕ್ಕೆ ಆ ಶಕ್ತಿಯಿಲ್ಲ ಎನ್ನುವಂತಿಲ್ಲ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಓದಿದವರಿಗೆ ಗೊತ್ತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ತೊರೆದ ಹೆಂಗಸು ನ್ಯಾಯ ಕೇಳಿಕೊಂಡು ಮಸೀದಿಗೆ ಬಂದು ಕೂರುತ್ತಾಳೆ. ಮುತವಲ್ಲಿ ಜಾರಿಕೊಳ್ಳುತ್ತಾನೆ. ಇಲ್ಲಿಯೂ ಒಡೆದ ಸಂಸಾರವಿದೆ, ಇಲ್ಲಿಯೂ ನಗು ಇದೆ. ಆದರೆ ಆ ನಗು ಎಂದೂ ಅವಳ ಮೇಲೆ ಬೀಳುವುದಿಲ್ಲ, ಮುತವಲ್ಲಿಯ ಮೇಲೆ ಬೀಳುತ್ತದೆ. ಕೊನೆಗೆ ಬೀದಿಯ ಹೆಂಗಸರ ಶಾಪ ಅವನ ಬೆನ್ನು ಹತ್ತುತ್ತದೆ. ಮನೆಯೊಳಗೆ ಅವನ ಸ್ವಂತ ಹೆಂಡತಿಯೇ ಹೆರಿಗೆ ನಿಲ್ಲಿಸುವ ಆಪರೇಷನ್ನಿಗೆ ಹೊರಟು ನಿಲ್ಲುತ್ತಾಳೆ. ಊರಿಗೆಲ್ಲ ಆಜ್ಞೆ ಮಾಡುವವನ ಆಜ್ಞೆ ತನ್ನ ಅಡುಗೆಮನೆಯಲ್ಲೇ ನಡೆಯದ ಆ ಗಳಿಗೆಯಲ್ಲಿ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಗಿರೀಶ ಕಾಸರವಳ್ಳಿ ಈ ಕತೆಯಿಂದ 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರ ಮೇ ತಿಂಗಳಲ್ಲಿ ಬಾನು ಅವರ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದವು. ಸನ್ಮಾನಗಳ ಹಾರ ಬಾಡುವ ಮೊದಲೇ ಒಂದು ವಿಷಯವನ್ನು ಗಮನಿಸಬೇಕಿತ್ತು: ಪ್ರಶಸ್ತಿಗೂ ತಾವರೆಕೆರೆಗೂ ನಡುವೆ ಇದ್ದದ್ದು ಒಂದೂವರೆ ತಿಂಗಳು ಮಾತ್ರ. ಮಸೀದಿಯ ಮುಂದೆ ನ್ಯಾಯಕ್ಕಾಗಿ ಬಂದ ಹೆಣ್ಣಿನ ಕತೆಗೆ ನಮ್ಮ ಸಮುದಾಯದಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರು, ಲೇಖಕಿಯ ಹಳೆಯ ಮಾತುಗಳನ್ನು ಕೆದಕಿ ಮುನಿಸಿಕೊಂಡವರೂ ಇದ್ದರು. ಕತೆಯನ್ನು ಓದಿದವರು ಎರಡೂ ಗುಂಪಿನಲ್ಲಿ ಕಡಿಮೆ.

ಸಮುದಾಯದ ಮಾನ ಹೋಗುತ್ತದೆ, ಒಳಗಿನದನ್ನು ಹೊರಗೆ ತೋರಿಸಬಾರದು ಎಂಬ ಹೆದರಿಕೆ ಅರ್ಥವಾಗದ್ದೇನಲ್ಲ. ನಮ್ಮ ಮೇಲೆ ಕಲ್ಲೆಸೆಯಲು ಕಾಯುತ್ತಿರುವವರ ಕೈಗೆ ನಾವೇ ಕಲ್ಲು ಕೊಡಬೇಕೇ? ಅಮೆರಿಕದ ರಾಮಿ ಯೂಸುಫ್ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. 2019ರಲ್ಲಿ ಶುರುವಾದ ಅವರ 'ರಾಮಿ' ಧಾರಾವಾಹಿಯಲ್ಲಿ ಈಜಿಪ್ಟ್ ಮೂಲದ ಮುಸ್ಲಿಂ ಕುಟುಂಬವೊಂದಿದೆ. ಮಗ ನಮಾಝ್ ಬಿಡುವುದಿಲ್ಲ, ತನ್ನ ಸ್ವಾರ್ಥವನ್ನೂ ಬಿಡುವುದಿಲ್ಲ. ತಂದೆ ತಾಯಿ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾರೆ. ಭಯೋತ್ಪಾದಕನನ್ನು ಕಂಡೇ ಗೊತ್ತಿದ್ದ ಅಮೆರಿಕದ ವೀಕ್ಷಕ, ತನ್ನ ಮನೆಯಷ್ಟೇ ಹದಗೆಟ್ಟ ಇನ್ನೊಂದು ಮನೆಯನ್ನು ಕಂಡ. 2020ರಲ್ಲಿ ಯೂಸುಫ್‌ಗೆ ಗೋಲ್ಡನ್ ಗ್ಲೋಬ್ ಬಂತು. ಕನ್ನಡದ ಕಿರುತೆರೆಗೆ ಮುಸ್ಲಿಂ ಮನೆಯ ಒಳಗು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಬಾಡಿಗೆ ಟೋಪಿ, ಬಾಡಿಗೆ ಗಡ್ಡ, 'ಅರೆ ಭಾಯ್' ಎಂಬ ಎರಡು ಮಾತು. ಚನ್ನಗಿರಿಯ ಚೇಣಿ ವ್ಯಾಪಾರಿಯ ಮನೆಯಲ್ಲಿ ಅಡಿಕೆ ಧಾರಣೆ ಬಿದ್ದ ವರ್ಷ ಯಾರ ಮೇಲೆ ಯಾರು ಕೂಗಾಡಿದರು, ಯಾವ ಮಗಳ ಓದು ನಿಂತಿತು, ಯಾವ ಸೊಸೆ ತವರಿಗೆ ಹೋದವಳು ಮರಳಲಿಲ್ಲ, ಅದನ್ನು ನಗುತ್ತ ಅಳುತ್ತ ಹೇಳಬಲ್ಲ ಹುಡುಗಿಯರು ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರು ಬರೆಯಲು ಕೂತಾಗ ಪೆನ್ನು ಕಿತ್ತುಕೊಳ್ಳುವ ಮೊದಲ ಕೈ ವಾಹಿನಿಯವರದ್ದಲ್ಲ.

ವಾಹಿನಿಯವರಿಗಂತೂ ಹೊಸ ಕತೆಯ ಅಗತ್ಯವೇ ಬೀಳಲಿಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. 2018ರಲ್ಲಿ ಅದರ ತಂಗಿ ವಾಹಿನಿ ಕಲರ್ಸ್ ಸೂಪರ್‌ನಲ್ಲಿ ಪಾಂಡು ಮರಳಿ ಬಂದ, 2019ರಲ್ಲಿ ಲಲ್ಲಿಯೂ ಬಂದಳು. ಹೊಸ ಬಣ್ಣ, ಹೊಸ ಸೋಫಾ, ಹಳೆಯ ಏಟು. ಅದೇ 2019ರಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಣ್ಣುಮಕ್ಕಳು ಕರ್ನಾಟಕದ ಮನೆ ಮನೆಯ ಬಾಗಿಲು ತಟ್ಟುತ್ತಿದ್ದರು. ಗಂಡ ಹೊಡೆಯುತ್ತಾನೆಯೇ ಎಂಬ ಪ್ರಶ್ನೆಗಳಿಗೆ ಅವರಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ಕೇಳಬೇಕು. ಅವಳು ಒಂಟಿಯಾಗಿ ಸಿಕ್ಕಾಗ ಕೇಳಬೇಕು. ಮೂರನೆಯವರ ಕಿವಿಗೆ ಬೀಳದಂಥ ಏಕಾಂತ ಸಿಗದಿದ್ದರೆ ಆ ಪುಟವನ್ನು ಬಿಟ್ಟು ಮುಂದೆ ಹೋಗಬೇಕು.